ಇಳಿದ ವಿಮಾನಗಳ ರಿಜಿಸ್ಟರು

ಸಕಲೇಶಪುರದಲ್ಲಿ ಹೇಮಾವತಿ ಸೇತುವೆ ದಾಟಿ ನಾಲ್ಕು ಹೆಜ್ಜೆ ನಡೆದರೆ ಲಿಂಗಪ್ಪನ ರಿಪೇರಿ ಅಂಗಡಿ ಸಿಗುತ್ತಿತ್ತು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್, ಪಂಪ್‌ಸೆಟ್, ಔಷಧಿ ಹೊಡೆಯುವ ಸ್ಪ್ರೇಯರ್, ಎಸ್ಟೇಟಿನಲ್ಲಿ ಏನು ಕೆಟ್ಟರೂ ಅಲ್ಲಿಗೇ ಬರುತ್ತಿತ್ತು. ಕೆಲಸವೇನೋ ಅಚ್ಚುಕಟ್ಟು. ಆದರೆ ಅಂಗಡಿಯಲ್ಲಿ ಒಂದು ಕಾಟವಿತ್ತು. ಯಂತ್ರ ಸರಿಯಾದ ಮೇಲೆ ಮಾಲೀಕನೇ ಅದನ್ನು ಓಡಿಸಿ ನೋಡಬೇಕು, ಸರಿಯಿದೆ ಎಂದು ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ಆಮೇಲೆಯೇ ಅದು ಹೊಸ್ತಿಲು ದಾಟಬೇಕು.

"ಒಂದು ಸ್ಪ್ರೇಯರ್‌ಗೆ ಇಷ್ಟೊಂದು ಶಾಸ್ತ್ರ ಯಾಕೋ ಮಾರಾಯ, ಹೆಣ್ಣು ಒಪ್ಪಿಸ್ಕೊಡೋ ಹಂಗೆ!" ಎಂದು ಹುಚ್ಚಣ್ಣ ಎಂಬ ಬೆಳೆಗಾರ ರೇಗಿಸುತ್ತಿದ್ದ.

"ಹೆಣ್ಣಿಗಾದ್ರೆ ತವರು ಐತೆ ಕಣ್ರೀ, ವಾಪಸ್ ಬತ್ತಾಳೆ. ಇದು ತೋಟದ ಮಧ್ಯ ನಿಂತ್ರೆ ಬೈಸ್ಕೊಳೋನು ನಾನು. ಹಾಕಿ ಸಹಿ."

ಊರಿನವರ ಬಾಯಲ್ಲಿ ಅವನು ಇಮಾನದ ಲಿಂಗಪ್ಪ. ಆಲೂರಿನ ಹತ್ತಿರದ ಮಗ್ಗೆ ಎಂಬ ಊರಿನವನು. ಹತ್ತೊಂಬತ್ತನೇ ವಯಸ್ಸಿಗೆ ವಾಯುಪಡೆ ಸೇರಿ, ಹದಿನೈದು ವರ್ಷ ವಿಮಾನ ರಿಪೇರಿ ಮಾಡಿ, ಎಪ್ಪತ್ತಾರರಲ್ಲಿ ಒಂದು ಟ್ರಂಕು, ಒಂದು ಸ್ಪ್ಯಾನರ್ ಚೀಲ ಹೊತ್ತು ವಾಪಸು ಬಂದವನು. ಯಾರಾದರೂ "ಎಷ್ಟು ಎತ್ತರ ಹಾರಿಸ್ತಿದ್ದೆ ಲಿಂಗಪ್ಪ?" ಎಂದು ಕೇಳಿದರೆ, "ನಾನು ಹಾರಿಸ್ದೋನಲ್ಲ, ಹಾರ್ಸೋರ್ಗೆ ಒಪ್ಪಿಸ್ದೋನು" ಎನ್ನುತ್ತಿದ್ದ.

ಆ ಒಪ್ಪಿಸುವುದರ ಕ್ರಮ ಹೀಗಿತ್ತು. ಪ್ರತಿ ವಿಮಾನಕ್ಕೂ ಒಂದು ರಿಜಿಸ್ಟರು. ಮೆಕ್ಯಾನಿಕ್ಕು ಎಲ್ಲವನ್ನೂ ನೋಡಿ ಸಹಿ ಹಾಕಿದ ಮೇಲೆ ಪೈಲಟ್ಟು ಬಂದು ಒಂದು ಕಡೆ 'ಒಪ್ಪಿಸಿಕೊಂಡೆ' ಎಂದು ಸಹಿ ಹಾಕಬೇಕು. ಹಾರಿ ಬಂದು ಇಳಿದ ಮೇಲೆ ಪಕ್ಕದಲ್ಲಿ 'ಮರಳಿ ಒಪ್ಪಿಸಿದೆ' ಎಂದು ಎರಡನೇ ಸಹಿ. ತಪ್ಪು ಬರೆದರೆ ಅಳಿಸುವಂತಿಲ್ಲ, ಕೆರೆಯುವಂತಿಲ್ಲ. ಒಂದೇ ಗೆರೆ ಎಳೆಯಬೇಕು, ಕೆಳಗಿನ ಅಕ್ಷರ ಕಾಣುತ್ತಲೇ ಇರಬೇಕು, ತಿದ್ದಿದವರು ಪಕ್ಕದಲ್ಲಿ ಸಹಿ ಹಾಕಬೇಕು. ಲಿಂಗಪ್ಪ ವಾಯುಪಡೆ ಬಿಟ್ಟರೂ ಈ ಕ್ರಮ ಅವನನ್ನು ಬಿಡಲಿಲ್ಲ.

ತೊಂಬತ್ತೊಂದರಲ್ಲಿ ನಟರಾಜನ ಎಸ್ಟೇಟಿನಿಂದ ಪಲ್ಪರ್ ಕೆಟ್ಟಿದೆ ಎಂದು ಕರೆ ಬಂತು. ನಟರಾಜ್ ಎಂದರೆ ನಿವೃತ್ತ ವಿಂಗ್ ಕಮಾಂಡರ್, ಮೀಸೆ ಬೆಳ್ಳಗಾದರೂ ಬೆನ್ನು ಬಗ್ಗದ ಆಳು. ಲಿಂಗಪ್ಪ ಹಿಂದೆ ಈಶಾನ್ಯದ ಬೆಟ್ಟಗಳ ಬುಡದಲ್ಲಿ ಇದೇ ನಟರಾಜನ ಡಕೋಟಾ ವಿಮಾನಕ್ಕೆ ಎಣ್ಣೆ ತುಂಬಿದವನು. ಇಬ್ಬರೂ ಒಬ್ಬರನ್ನೊಬ್ಬರು ಗುರುತು ಹಿಡಿದರು. ಪಲ್ಪರ್ ಓಡಿತು, ಲಿಂಗಪ್ಪ ರಿಜಿಸ್ಟರ್ ಚಾಚಿದ, ನಟರಾಜ್ ಸಹಿ ಹಾಕಿ ಬಿದ್ದು ಬಿದ್ದು ನಕ್ಕ.

ಅಂದಿನಿಂದ ತಿಂಗಳ ಎರಡನೇ ಭಾನುವಾರ ಎಸ್ಟೇಟಿನ ಸ್ಟೋರ್ ಜಗಲಿಯಲ್ಲಿ ಕೂಟ. ಬಾಳ್ಳುಪೇಟೆ ಕಡೆಯಿಂದ ಸ್ಕ್ವಾಡ್ರನ್ ಲೀಡರ್ ಸಿದ್ದಬಸಪ್ಪ ಜೀಪಿನಲ್ಲಿ ಬರುತ್ತಿದ್ದ. ಒಮ್ಮೊಮ್ಮೆ ಕೊಡಗಿನಿಂದ, ಮೈಸೂರಿನಿಂದ ಇನ್ನೊಬ್ಬಿಬ್ಬರು ಪೈಲಟ್ಟುಗಳು. ಬೆತ್ತದ ಕುರ್ಚಿ, ಕಡುಬು, ಕಾಫಿ, ಹಾರಾಟದ ಕಥೆ. ಲಿಂಗಪ್ಪನಿಗೂ ಕುರ್ಚಿ ಹಾಕುತ್ತಿದ್ದರು. ಅವನು ಮಾತ್ರ ಜಗಲಿಯ ಮೆಟ್ಟಿಲ ಮೇಲೆಯೇ ಕೂರುತ್ತಿದ್ದ, ಕೈಯಲ್ಲಿ ಯಾವುದಾದರೊಂದು ಕೆಟ್ಟ ಮೋಟರು. ಪಕ್ಕದಲ್ಲಿ ಹೊಸದೊಂದು ಉದ್ದನೆಯ ರಿಜಿಸ್ಟರು. ಇಷ್ಟು ಕಥೆ ಗಾಳಿಗೆ ಹೋಗುತ್ತದಲ್ಲ ಎಂದು ಎಲ್ಲವನ್ನೂ ಬರೆದುಕೊಳ್ಳುವುದಕ್ಕೆ ತೊಡಗಿದ್ದ. ಕಥೆ ಮುಗಿದರೆ ಹೇಳಿದವರ ಸಹಿ.

ಸಿದ್ದಬಸಪ್ಪನ ಮೆಚ್ಚಿನ ಕಥೆ ಒಂದಿತ್ತು. ಬೆಂಗಳೂರಿನಿಂದ ಮಂಗಳೂರಿನ ಕಡೆ ಹೋಗುವಾಗ ಮನೆ ನೋಡುವ ಆಸೆಯಾಗಿ ವಿಮಾನವನ್ನು ತನ್ನ ತೋಟದ ಮೇಲೆ ತಗ್ಗಿಸಿದ್ದ. ಕಣದಲ್ಲಿ ಅವನ ಅವ್ವ ಮೆಣಸು ಒಣಗಿಸುತ್ತಿದ್ದಳು. ವಿಮಾನದ ಗಾಳಿಗೆ ಮೆಣಸೆಲ್ಲ ಹಳ್ಳದ ಪಾಲು.

"ವಾರಕ್ಕೇ ಕಾಗ್ದ ಬಂತು ಕಣಯ್ಯ. 'ಮುಂದಿನ್ ಸತಿ ಮನೆಗ್ ಬರದಾದ್ರೆ ಬಸ್ಸಲ್ ಬಾ' ಅಂತ!"

"ಲೋ ಸಿದ್ದ, ಹೋದ್ ವರ್ಷ ಏಲಕ್ಕಿ ಅಂದಿದ್ದೆ" ಎಂದ ನಟರಾಜ್.

ಲಿಂಗಪ್ಪ ಹಾಳೆ ತಿರುವಿದ. "ಸಾರ್, ತೊಂಬತ್ಮೂರ್ರಲ್ಲಿ ಕಾಫಿ, ತೊಂಬತ್ತೈದ್ರಲ್ಲಿ ಏಲಕ್ಕಿ, ಈಗ ಮೆಣಸು. ಯಾವ್ದಕ್ ಗೆರೆ ಎಳೀಲಿ?"

"ಎಲ್ಡಕ್ಕೂ ಎಳಿ. ಮೆಣಸೇ."

"ತಿದ್ದಿದೋರು ಸಹಿ ಹಾಕ್ಬೇಕು."

"ಇವನೊಬ್ಬ, ಕೋರ್ಟು!" ಎನ್ನುತ್ತ ಸಿದ್ದಬಸಪ್ಪ ಪೆನ್ನು ತೆಗೆದುಕೊಂಡ.

ಆ ಜಗಲಿಗೆ ನಟರಾಜ್ ಒಂದೇ ಒಂದು ಕಟ್ಟಳೆ ಹಾಕಿದ್ದ. ಇಳಿದ ವಿಮಾನದ ಕಥೆ ಮಾತ್ರ ಹೇಳಬೇಕು. ಇಳಿಯದೆ ಹೋದದ್ದರ ಮಾತು ಬೇಡ. ಯಾಕೆ ಎಂದು ಯಾರೂ ಕೇಳಿರಲಿಲ್ಲ. ಕೇಳದಿದ್ದದ್ದು ಲಿಂಗಪ್ಪನಿಗೂ ಅನುಕೂಲವೇ ಆಗಿತ್ತು.

ತೊಂಬತ್ತೊಂಬತ್ತರ ಅಕ್ಟೋಬರಿನಲ್ಲಿ ನೇತ್ರಾವತಿ ಅಂಗಡಿಗೆ ಬಂದಳು. ಆಲೂರಿನ ಹೈಸ್ಕೂಲು ಟೀಚರು. ರಿಪೇರಿಗೆ ಏನನ್ನೂ ತಂದಿರಲಿಲ್ಲ. ಚೀಲದಿಂದ ಒಂದು ಫೋಟೋ ತೆಗೆದು ಮೇಜಿನ ಮೇಲಿಟ್ಟಳು. ಟೋಪಿ ಓರೆ ಮಾಡಿಕೊಂಡು ನಗುತ್ತಿರುವ ತರುಣ.

"ನಮ್ಮಣ್ಣ, ಚಂದ್ರಶೇಖರ. ವಾಯುಪಡೇಲಿ ಪೈಲಟ್ ಆಗಿದ್ದ, ಅರವತ್ತೆಂಟ್ರಲ್ಲಿ ಹೋದ. ನಮಗೆ ಬಂದಿದ್ದು ಒಂದು ತಂತಿ, ಒಂದು ಕಾಗದ, ಒಂದು ಪೆಟ್ಟಿಗೆ ಬಟ್ಟೆ. ನೀವು ಹಾರೋರ ಕಥೆಯೆಲ್ಲ ಬರ್ದಿಟ್ಟಿದೀರಂತೆ. ಅದ್ರಲ್ಲಿ ಇವನದ್ದು ಐತಾ ಲಿಂಗಪ್ಪನೋರೇ?"

ಲಿಂಗಪ್ಪ ಫೋಟೋವನ್ನು ಮುಟ್ಟಲಿಲ್ಲ. ಕೈಗೆ ಗ್ರೀಸ್ ಹತ್ತಿತ್ತು.

"ವಿಂಗ್ ಕಮಾಂಡರ್ ಸಾಹೇಬ್ರನ್ನೂ ಕೇಳ್ದೆ. 'ಭಾಳ ಒಳ್ಳೇ ಹುಡುಗ' ಅಂದ್ರು, ಕಾಫಿ ಕೊಟ್ಟು ಕಳಿಸಿದ್ರು. ಒಳ್ಳೇ ಹುಡುಗ ಅಂತ ನಮಗ್ ಗೊತ್ತಿಲ್ವಾ? ಅವ್ವಂಗೆ ಎಪ್ಪತ್ತೇಳು. ಅವನ ಕಡೇ ದಿನ ಹೆಂಗಿತ್ತು, ಏನ್ ಮಾತಾಡ್ದ, ಉಂಡಿದ್ನಾ, ಅಷ್ಟ್ ಕೇಳ್ಬೇಕು ಅಂತಾಳೆ. ಅಷ್ಟು ಕೇಳದೇ ಹೋಗ್ಬುಟ್ರೆ ನಂಗೆ ತಡ್ಕಳಕ್ಕಾಗಲ್ಲ."

"ಎರಡನೇ ಭಾನ್ವಾರ ಎಸ್ಟೇಟಿಗೆ ಅವ್ವನ್ನ ಕರ್ಕೊಂಡ್ ಬನ್ನಿ ಟೀಚರಮ್ಮ" ಎಂದ ಲಿಂಗಪ್ಪ.

ಮನೆಗೆ ಹೋಗಿ ಊಟಕ್ಕೆ ಕೂತವನು ಅನ್ನ ಕಲಸುತ್ತಲೇ ಇದ್ದ. ಹೆಂಡತಿ ಪಂಕಜಾಕ್ಷಿ ಎರಡು ಸಲ ಸಾರು ಬಡಿಸಿ, ಮೂರನೆಯ ಸಲ ಸೌಟು ಕೆಳಗಿಟ್ಟಳು. "ಏನ್ರೀ ಅದು?"

ಮೂವತ್ತೊಂದು ವರ್ಷ ಯಾರಿಗೂ ಹೇಳದಿದ್ದದ್ದನ್ನು ಲಿಂಗಪ್ಪ ಅವಳಿಗೆ ಹೇಳಿದ. ಆ ದಿನ ಚಂದ್ರಶೇಖರನಿಗೆ ವಿಮಾನ ಒಪ್ಪಿಸಿದವನು ತಾನೇ ಎಂದೂ, ಅವನ ಕೈಯಲ್ಲಿ ಒಂದು ತಪ್ಪು ಸಹಿ ಬಿದ್ದದ್ದನ್ನು ಕಂಡೂ ಸುಮ್ಮನಿದ್ದೆನೆಂದೂ ಹೇಳಿದ.

"ಆ ಮುದುಕಿ ಕೇಳಿ, 'ನೀನೇ ಕಣೋ ನನ್ನ ಮಗನ್ನ ಕಳ್ಸಿದ್ದು' ಅಂದ್ರೆ?"

ಪಂಕಜಾಕ್ಷಿ ಸಾರಿನ ಪಾತ್ರೆ ಪಕ್ಕಕ್ಕೆ ಸರಿಸಿದಳು. "ಅಂದ್ರೆ ಅನ್ನುಸ್ಕೊಳಿ. ಅವ್ರಿಗೆ ಬೇಕಾಗಿರೋದು ಮಗನ ಕಡೇ ದಿನ ಒಂದೇ ಅಲ್ವಾ? ಇಷ್ಟ್ ಜನರ ಕಥೆ ಬರ್ದ್ರಿ. ನಿಮ್ಮದೊಂದು ಹೇಳೋಕೆ ನೀವ್ ಬದುಕಿದೀರ."

ಎರಡನೇ ಭಾನುವಾರ ಬಿಸಿಲು ಚೆನ್ನಾಗಿತ್ತು. ಆಟೋದಲ್ಲಿ ನೇತ್ರಾವತಿ ತಾಯಿಯನ್ನು ಕರೆತಂದಳು. ಚೆಲುವಮ್ಮ ಸಣ್ಣ ದೇಹದ ಹೆಂಗಸು, ಕಿವಿ ಚುರುಕು. ಅವಳು ಜಗಲಿ ಹತ್ತಿದಾಗ ಪೈಲಟ್ಟುಗಳಿಬ್ಬರೂ ಎದ್ದು ನಿಂತರು. ಕುರ್ಚಿ ಕೊಟ್ಟರು, ಕಾಲಿಗೆ ಮಣೆ ಕೊಟ್ಟರು. ನಟರಾಜ್ ಬೆಟ್ಟದ ಮೇಲಿನ ಸೈನಿಕರಿಗೆ ವಿಮಾನದಿಂದ ಉಪ್ಪಿನ ಮೂಟೆ ಎಸೆದ ಕಥೆ ತೆಗೆದ. ಮೂಟೆ ಅವರ ಅಡಿಗೆಮನೆಯ ಮಾಡಿನ ಮೇಲೇ ಬಿದ್ದು, 'ಉಪ್ಪು ಮುಟ್ಟಿತು, ಅಡಿಗೆಮನೆ ಕಳಿಸಿ' ಎಂದು ಅವರು ಸುದ್ದಿ ಕಳಿಸಿದರಂತೆ. ಸಿದ್ದಬಸಪ್ಪ ಮೆಣಸಿನ ಕಥೆ ಹೇಳಿದ. ಚೆಲುವಮ್ಮ ಎರಡಕ್ಕೂ ನಕ್ಕಳು. ನಕ್ಕು, ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದಳು:

"ಚೆನ್ನಾಗ್ ಹೇಳ್ತೀರಪ್ಪ. ಆದ್ರೆ ಇವೆಲ್ಲ ಮನೆಗೆ ಬಂದ ಮಕ್ಕಳ ಕಥೆ. ನನ್ ಮಗಂದು ಹೇಳಿ."

ನಟರಾಜ್ ಕಾಫಿ ಲೋಟ ಕೆಳಗಿಟ್ಟ. "ಅಮ್ಮಾ, ಅದನ್ನ ನಾವು..." ಎಂದವನು ಅಂಗಳದ ಕಡೆ ನೋಡಿದ.

ಮೆಟ್ಟಿಲ ಮೇಲಿದ್ದ ಲಿಂಗಪ್ಪ ಕೈಯ ಸ್ಕ್ರೂಡ್ರೈವರನ್ನು ಬಟ್ಟೆಯಿಂದ ಒರೆಸಿ ಪಕ್ಕಕ್ಕಿಟ್ಟ. ಎದ್ದು ನಿಂತ.

"ಸಾರ್, ನಿಮ್ಮ ಕಟ್ಟಳೆ ಮುರೀತೀನಿ, ಕ್ಷಮಿಸ್ಬೇಕು. ಅವ್ವಾ, ನಿಮ್ಮ ಮಗಂಗೆ ಅವತ್ತು ಇಮಾನ ಒಪ್ಪಿಸ್ದೋನು ನಾನು."

ಎಂಟು ವರ್ಷದಲ್ಲಿ ಆ ಜಗಲಿಯಲ್ಲಿ ಲಿಂಗಪ್ಪ ಹೇಳಿದ ಮೊದಲನೆಯ ಕಥೆ ಅದು.

"ಡಿಸೆಂಬರ್ ತಿಂಗಳು. ಬೆಳಗ್ಗಿಂದ ಎರಡ್ ಸತಿ ಹೋಗಿ ಅಕ್ಕಿ ಎಸೆದು ಬಂದಿದ್ರು. ಮೂರನೇ ಸತಿಗೆ ಹೊರಡಬೇಕು, ಮೂಟೆ ಆಗ್ಲೇ ತುಂಬಿ ಆಗೈತೆ. ಉಂಡಿದ್ರವ್ವ. ಅನ್ನ, ಬೇಳೆ, ಎರಡ್ ಬಾಳೆಹಣ್ಣು. ಅಲ್ಲಿ ಕನ್ನಡ ಬಲ್ಲೋರು ಕಡಿಮೆ, ನನ್ನ ಕಂಡ್ರೆ ಕನ್ನಡದಲ್ಲೇ ಮಾತು. 'ಏನೋ ಮಗ್ಗೆ, ನಿಮ್ಮೂರಲ್ಲಿ ಹೊಸ ರಾಗಿ ಬಂದಿರ್ಬೇಕಲ್ಲೋ' ಅಂದ್ರು. ಒಂದ್ ಮಗ್ ಟೀ ಕೊಟ್ಟೆ. ಅರ್ಧ ಕುಡಿದ್ರು. ನಾನು ರಿಜಿಸ್ಟರ್ ಹಿಡಿದೆ. ಒಪ್ಪಿಸ್ಕೊಂಡೆ ಅಂತ ಸಹಿ ಹಾಕಿದ್ರು. ಪೆನ್ನು ಎತ್ತಲಿಲ್ಲ, ಪಕ್ಕದಾಗೂ ಹಾಕ್ಬುಟ್ರು. ಮರಳಿ ಒಪ್ಪಿಸ್ದೆ ಅನ್ನೋ ಕಡೆ."

ಚೆಲುವಮ್ಮ ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು.

"'ಸಾರ್, ಅದು ಬಂದ್ಮೇಲೆ ಹಾಕೋದು' ಅಂದೆ. 'ಬಂದೇ ಬತ್ತೀನಲ್ಲೋ, ಆಗ ಚಳಿಗೆ ಕೈ ಸೆಟೆದಿರ್ತದೆ, ಈಗ್ಲೇ ಮುಗ್ಸಿರೋಣ' ಅಂತ ನಕ್ಕರು. ನಾನು ಗೆರೆ ಎಳೀಬೇಕಿತ್ತು. ಎಳೀಲಿಲ್ಲ. ನಮ್ಮೂರ್ ಕಡೆಯೋರು ಅಂತ ನಾನೂ ನಕ್ಕು ಪುಸ್ತಕ ಮುಚ್ಚಿದೆ. ಟೀ ಮಗ್ ನನ್ ಕೈಗ್ ಕೊಟ್ಟು 'ಇಟ್ಟಿರು, ಬಂದು ಕುಡೀತೀನಿ' ಅಂದ್ರು. ಆಮೇಲೆ ಕಣಿವೇಲಿ ಮೋಡ ಕೂತ್ಕಂತು, ನಮ್ಮ ಎಡಕುಮೇರಿ ಘಾಟಿ ಕಡೆ ಕೂರುತ್ತಲ್ಲ, ಹಂಗೆ. ಕತ್ತಲಾಗೋ ತಂಕ ಮಗ್ ಹಿಡ್ಕೊಂಡು ನಿಂತಿದ್ದೆ. ಇಮಾನ ಬರ್ಲಿಲ್ಲ. ರಿಜಿಸ್ಟರ್ ನೋಡಿದ್ರೆ ಬಂದೈತೆ ಅಂತ ಸಹಿ ಐತೆ."

ವಿಚಾರಣೆಯಲ್ಲಿ ಬೈಸಿಕೊಂಡದ್ದು, ಬಡ್ತಿ ಎರಡು ವರ್ಷ ತಡವಾದದ್ದು ಅವನು ಹೇಳಲಿಲ್ಲ. ಅದು ಅವನಿಗೆ ಯಾವತ್ತೂ ಭಾರವೆನಿಸಿರಲಿಲ್ಲ. "ಹೋಗೋ ಮುಂಚೆ ಬಂದೆ ಅಂತ ಬರೆಯೋಕೆ ಬುಟ್ನಲ್ಲ ಅವ್ವ, ಅದೇ..." ಎಂದು ತಲೆ ತಗ್ಗಿಸಿದ.

ಮೊದಲು ಮಾತಾಡಿದವನು ನಟರಾಜ್. "ಲಿಂಗಪ್ಪ, ಆ ವಾರ ನಾನೂ ಎರಡೂ ಕಡೆ ಸಹಿ ಹಾಕಿದ್ದೆ ಕಣೋ. ನಾಲ್ಕು ದಿನ. ಬೇರೆ ಮೆಕ್ಯಾನಿಕ್ಕು, ಅವನು ನೋಡ್ಲಿಲ್ಲ. ನಾನು ಬಂದೆ, ಚಂದ್ರಶೇಖರ ಬರ್ಲಿಲ್ಲ, ಅಷ್ಟೇ. ಈ ಮಾತು ಬರಬಾರದು ಅಂತಲೇ ಆ ಕಟ್ಟಳೆ ಹಾಕಿದ್ದು ನಾನು."

ಸಿದ್ದಬಸಪ್ಪ ಎದ್ದು ತನ್ನ ಕುರ್ಚಿಯನ್ನು ಲಿಂಗಪ್ಪನ ಹಿಂದಕ್ಕೆ ತಂದಿಟ್ಟ. ಲಿಂಗಪ್ಪನಿಗೆ ಅದರ ಪರಿವೆ ಇರಲಿಲ್ಲ. ಅವನು ಚೆಲುವಮ್ಮನ ಮುಖವನ್ನೇ ನೋಡುತ್ತಿದ್ದ.

ಚೆಲುವಮ್ಮ ಮಗಳ ಕಡೆ ತಿರುಗಿದಳು. "ನೋಡ್ದೇನೇ? ಹೇಳಿ ಹೋಗವ್ನೆ." ಆಮೇಲೆ ಲಿಂಗಪ್ಪನಿಗೆ, "ಅದ್ರಲ್ಲೇನಪ್ಪ ತಪ್ಪು? ಹೊಸ್ಲು ದಾಟೋವಾಗ ಹೋಯ್ತೀನಿ ಅಂತ ಯಾರಾದ್ರೂ ಅಂತಾರಾ? ಬತ್ತೀನಿ ಅಂತ್ಲೇ ಅನ್ನೋದು. ಚಿಕ್ಕೋನಿದ್ದಾಗಿಂದ ಹಂಗೇ ಕಲಿಸ್ದೋಳು ನಾನು. ಮನೇಲಿ ಬಾಯಲ್ಲಿ ಅಂದ, ಅಲ್ಲಿ ಬರ್ದು ಹೋದ. ನೀನು ಗೆರೆ ಎಳೆದಿದ್ರೆ ನಾನು ಬೈತಿದ್ದೆ."

ಲಿಂಗಪ್ಪ ಆಗ ಕುರ್ಚಿಯಲ್ಲಿ ಕೂತ. ಅಂಗಳದಾಚೆ ಕೂಲಿಯವರ ಲೈನ್ ಮನೆಗಳ ಕಡೆ ಯಾರೋ ಕೋಳಿಗಳನ್ನು ಕೂಗಿ ಕರೆಯುತ್ತಿದ್ದರು.

ಕಥೆ ಬರೆಯುವ ಕೆಲಸವನ್ನು ಅಂದು ನೇತ್ರಾವತಿ ಮಾಡಿದಳು. ಲಿಂಗಪ್ಪ ಮತ್ತೊಮ್ಮೆ ನಿಧಾನವಾಗಿ ಹೇಳಿದ, ಅವಳು ದುಂಡು ಅಕ್ಷರದಲ್ಲಿ ಬರೆದಳು. ಮುಗಿದ ಮೇಲೆ ನಟರಾಜ್ ಪೆನ್ನು ಚಾಚಿದ. "ಸಹಿ ಹಾಕಯ್ಯ. ಇವತ್ತು ಹೇಳ್ದೋನು ನೀನು." ಪೈಲಟ್ಟುಗಳ ಸಹಿಗಳೇ ತುಂಬಿದ್ದ ಆ ಪುಸ್ತಕದಲ್ಲಿ ಲಿಂಗಪ್ಪನ ಹೆಸರು ಮೊದಲ ಸಲ ಬಿತ್ತು.

"ಇನ್ನೊಂದ್ಸತಿ ಓದೇ" ಎಂದಳು ಚೆಲುವಮ್ಮ. ನೇತ್ರಾವತಿ ಓದಿದಳು. ಬಾಳೆಹಣ್ಣಿನ ಹತ್ತಿರ ತಾಯಿ ತಲೆಯಾಡಿಸಿದಳು, ಹೊಸ ರಾಗಿಯ ಹತ್ತಿರ ನಕ್ಕಳು. ಟೀ ಎಂದು ಬಂದ ಕಡೆ ಕೈ ಎತ್ತಿದಳು.

"ಇದು ಸುಳ್ಳು. ನನ್ನ ಮಗ ಟೀ ಮುಟ್ಟೋನೇ ಅಲ್ಲ. ಕಾಫಿ."

ಆ ವಿಮಾನನೆಲೆಯಲ್ಲಿ ಕಾಫಿಯ ಪುಡಿ ಕಣ್ಣಿಗೆ ಬೀಳುತ್ತಿರಲಿಲ್ಲ. ಅದು ಲಿಂಗಪ್ಪನಿಗೂ ಗೊತ್ತು, ನಟರಾಜನಿಗೂ ಗೊತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಲಿಂಗಪ್ಪ ಪುಸ್ತಕವನ್ನು ತೊಡೆಯ ಮೇಲೆ ಎಳೆದುಕೊಂಡು 'ಟೀ' ಎಂಬುದರ ಮೇಲೆ ಒಂದೇ ಒಂದು ಗೆರೆ ಎಳೆದ, ಕೆಳಗಿನ ಅಕ್ಷರ ಕಾಣುವ ಹಾಗೆ. ಮೇಲೆ 'ಕಾಫಿ' ಎಂದು ಬರೆದ. ಆಮೇಲೆ ಪುಸ್ತಕವನ್ನೂ ಪೆನ್ನನ್ನೂ ಚೆಲುವಮ್ಮನ ಮುಂದೆ ಹಿಡಿದ.

"ತಿದ್ದಿದೋರು ಸಹಿ ಹಾಕ್ಬೇಕು ಅವ್ವ."

ಮಗನ ಪಿಂಚಣಿಯ ಕಾಗದಗಳಿಗಾಗಿ ಕಲಿತ ಸಹಿ ಅದು. ಚೆಲುವಮ್ಮ ಕನ್ನಡಕ ಸರಿ ಮಾಡಿಕೊಂಡು, ಬೆರಳಿನಿಂದ ಜಾಗ ಹುಡುಕಿ, ಒಂದೊಂದೇ ಅಕ್ಷರ ಕೂರಿಸಿದಳು. ಅವಳು ಮುಗಿಸುವ ತನಕ ಲಿಂಗಪ್ಪ ಪುಸ್ತಕವನ್ನು ಅಲುಗದಂತೆ ಹಿಡಿದುಕೊಂಡಿದ್ದ.