ಹಾಲ್ವರ್ ಕೈ ಎತ್ತುವವರೆಗೆ
ನಮ್ಮ ರಸ್ತೆ ಕೆಲಸದಲ್ಲಿ ಟ್ರೇಲರ್ ಜೋಡಿಸಲು ಟ್ರ್ಯಾಕ್ಟರ್ ಹಿಂದಕ್ಕೆ ಬರಬೇಕಾದರೆ ಮೊದಲು ಹಿರಿಯ ಕೆಲಸಗಾರ ಹಾಲ್ವರ್ "ಬರಲಿ" ಎಂದು ಕೈ ಎತ್ತಬೇಕು. ಬೆಟ್ಟಗಳ ನಡುವೆ ಒಳನುಗ್ಗಿದ ಕಡಲ ಕೊಲ್ಲಿಯಾದ ಫ್ಯೋರ್ಡಿನ ಮಂಜಿನೊಳಗಿಂದ ಅವನು ಕಂಕುಳಲ್ಲಿ ಮರದ ತುಂಡು ಹಿಡಿದು ತೇಲಿದಂತೆ ಬರುತ್ತಾನೆ. ಟ್ರೇಲರಿನ ಚಕ್ರಕ್ಕೆ ಅದನ್ನು ಅಡ್ಡ ಕೊಟ್ಟು, ಹಸುವಿನ ಮೈ ಸವರುವಂತೆ ಸವರಿ, "ಅಲ್ಲಾಡಬೇಡ ತಾಯಿ" ಅನ್ನುತ್ತಾನೆ. ಮನೆಯಲ್ಲಿ ಮೊಮ್ಮಗಳ ತಳ್ಳುಗಾಡಿಗೂ ಹೀಗೇ ಅಡ್ಡ ಕೊಡುತ್ತಾನಂತೆ. ಆಮೇಲೆ ಮಂಜಿನಲ್ಲಿ ಯಾರು ಎಲ್ಲಿದ್ದಾರೆಂದು ತಿಳಿಯಲು ಒಬ್ಬೊಬ್ಬರ ಹೆಸರು ಕೂಗುತ್ತಾನೆ. "ಓಡ್ವಾರ್?" "ಇಲ್ಲೇ ಇದೀನಿ." "ಸಿಗ್ನೆ?" "ಇನ್ನೂ ಬದುಕಿದೀನಿ ಮಾರಾಯ, ಬೇಗ ಮುಗಿಸು." "ಎಸ್ಕಿಲ್?" ಉತ್ತರ ಬರುವುದಿಲ್ಲ. ಹೊಸದಾಗಿ ಸೇರಿದಾಗ ನಾನು ನಕ್ಕು, "ಎಸ್ಕಿಲ್ ರಜೆ ಮೇಲಿದಾನಾ?" ಎಂದಿದ್ದೆ. ಸಿಗ್ನೆ ನನ್ನ ತೋಳು ಹಿಡಿದು, "ಹನ್ನೊಂದು ವರ್ಷದ ಹಿಂದೆ ಟ್ರ್ಯಾಕ್ಟರಿಗೂ ಟ್ರೇಲರಿಗೂ ನಡುವೆ ಸಿಕ್ಕಿ ಸತ್ತ. ಅವತ್ತೂ ಕೈ ಎತ್ತಿದ್ದು ಹಾಲ್ವರೇ. ಹೆಸರು ಮಾತ್ರ ಕೂಗಿರಲಿಲ್ಲ" ಎಂದಳು. ಈಗ ನಾನೂ ಆ ಮೌನ ಮುಗಿಯುವವರೆಗೆ ಉಸಿರು ಹಿಡಿದು ನಿಲ್ಲುತ್ತೇನೆ. ಆಮೇಲೆ, ಮಂಜಿನಲ್ಲಿ ನಿಧಾನವಾಗಿ, ಹಾಲ್ವರ್‌ನ ಕೈ ಮೇಲೇಳುತ್ತದೆ.