ಮೂರು ಗಾಲಿಯ ದೊಡ್ಡಪ್ಪ

ದೊಡ್ಡಪ್ಪನ ಹಣೆಯ ಮೇಲೆ, ವಿಭೂತಿಗಿಂತ ಒಂದು ಬೆರಳು ಮೇಲೆ, ಸದಾ ಒಂದು ಜೊತೆ ಗಾಗಲ್ಸ್ ಕೂತಿರುತ್ತಿತ್ತು. ಕಡಲೆಕಾಯಿ ಮಂಡಿಯಲ್ಲಿ, ಊಟದ ಮಣೆಯ ಮೇಲೆ, ಸಾವಿನ ಮನೆಗೆ ಹೋದಾಗಲೂ. ಅದರ ಪಟ್ಟಿ ಬಿಗಿದು ಕಿವಿಯ ಹಿಂದೆ ಕೆಂಪಗೆ ಗೆರೆ ಬಿದ್ದಿತ್ತು. ಓಡಿಸಲು ಮೋಟಾರು ಇನ್ನೂ ಇರಲಿಲ್ಲ. ಗಾಗಲ್ಸ್ ಮಾತ್ರ ಇತ್ತು. ಆ ಮನುಷ್ಯನ ವಿಷಯವನ್ನು ಇಷ್ಟಕ್ಕೇ ಮುಗಿಸಬಹುದು. ಆದರೆ ನನ್ನ ಅನ್ನಕ್ಕೆ ದಾರಿ ಮಾಡಿದವರೂ ಅವರೇ, ಏನು ಮಾಡುವುದು!

ಅವರು ನನ್ನ ತಂದೆಯ ಅಣ್ಣ. ತಂದೆ ತೀರಿಕೊಂಡ ಮೇಲೆ ನನ್ನ ಗಾರ್ಡಿಯನ್. ಚಳ್ಳಕೆರೆಯಲ್ಲಿ ಹೆಣ್ಣುಮಕ್ಕಳಿಗೆ ಕಾಗುಣಿತವೇ ಹೆಚ್ಚು ಎನ್ನುತ್ತಿದ್ದ ಕಾಲದಲ್ಲಿ ನನ್ನನ್ನು ಬೆಂಗಳೂರಿನ ಕಾನ್ವೆಂಟ್ ಬೋರ್ಡಿಂಗಿಗೆ ಹಾಕಿದರು. ಎಷ್ಟು ಪ್ರೋಗ್ರೆಸಿವ್ ಎಂದು ಊರು ಹೊಗಳಿತು. ನಿಜ ಸಂಗತಿ ನನಗೆ ಬೇಸಿಗೆ ರಜೆಯಲ್ಲಿ ತಿಳಿಯಿತು: ಮೋಟಾರಿನ ಇಂಗ್ಲಿಷ್ ಕ್ಯಾಟಲಾಗುಗಳನ್ನು ಓದಿ ಹೇಳಲು ಅವರಿಗೆ ಒಬ್ಬರು ಬೇಕಾಗಿತ್ತು. ದೊಡ್ಡಪ್ಪನಿಗೆ ಇಂಗ್ಲಿಷ್ ಬರುವುದಿಲ್ಲವೆಂದು ಹೊರಗೆ ಬಾಯಿಬಿಡದಂಥ ಒಬ್ಬರು.

ಮೊದಲ ಮಹಾಯುದ್ಧ ಮುಗಿದು ಮಿಲಿಟರಿಯವರು ಹಳೆಯ ಸಾಮಾನು ಹರಾಜು ಹಾಕಿದಾಗ ದೊಡ್ಡಪ್ಪ ಒಂದು ಮೋಟಾರ್ ಸೈಕಲ್ ಕೊಂಡರು. ಹತ್ತಿದಾಗಲೆಲ್ಲ ಬಿದ್ದರು. ಬೀಳುವ ಭಯಕ್ಕೆ 'ಇಂಪ್ರೂವ್‌ಮೆಂಟ್' ಎಂದು ಹೆಸರಿಟ್ಟು, ಹಿಂದಿನ ಗಾಲಿ ಕಿತ್ತು, ಅಡ್ಡಕ್ಕೆ ಉದ್ದನೆಯ ಅಚ್ಚು ಕೂರಿಸಿ, ಅದರ ಎರಡು ತುದಿಗೂ ಗಾಲಿ ಹಾಕಿಸಲು ಹೊರಟರು. ಕಮ್ಮಾರ ಕಾಯಿಸಿ ಬಡಿದ, ಬಡಗಿ ಕೊರೆದ, ದೊಡ್ಡಪ್ಪ ನೆರಳಲ್ಲಿ ಕುರ್ಚಿ ಹಾಕಿಕೊಂಡು, "ಸೈನ್ಸ್ ಐತಲೇ ಇದ್ರಾಗೆ, ಸೈನ್ಸ್!" ಎನ್ನುತ್ತಿದ್ದರು. ಹಿಂದಿನ ಸೀಟಿಗೆ ಹಲಗೆ ಬೇಕಾಯಿತು. ದೊಡ್ಡವ್ವ ಮೊಳಕಾಲ್ಮೂರಿನ ತವರಿನಿಂದ ತಂದಿದ್ದ ತೇಗದ ಉಯ್ಯಾಲೆಮಣೆಯನ್ನು ಅವಳನ್ನು ಒಂದು ಮಾತೂ ಕೇಳದೆ ಗರಗಸಕ್ಕೆ ಕೊಟ್ಟರು. ಹಿಂದಿನ ಗಾಲಿಗಳ ಅಗಲವನ್ನು ಎತ್ತಿನ ಗಾಡಿಯ ಅಳತೆಗೇ ಇಡಿಸಿದರು. ರಸ್ತೆಯ ಗಾಡಿಜಾಡಿನಲ್ಲಿ ಸಲೀಸಾಗಿ ಉರುಳಲಿ ಎಂದು. ಅವರ ಜೀವಮಾನದ ಒಂದೇ ಒಂದು ಐಡಿಯಾ ಅದು.

ಆ ಬೇಸಿಗೆಯಲ್ಲೇ ದೊಡ್ಡವ್ವನ ತಮ್ಮ ಓಡಿಬಂದ.

"ಭಾವ, ಅವ್ವ ಹಾಸಿಗೆ ಹಿಡ್ದಾಳೆ. ಅಕ್ಕನ್ನೇ ಕೇಳ್ತಾಳೆ. ಇವತ್ತೇ ಗಾಡಿ ಕಟ್ಸಿ ಕಳ್ಸಿಕೊಡ್ರಿ."

"ಗಾಡಿಯಾಗೆ ಯಾಕ್ಲೇ? ಮೋಟಾರಾಗೆ ಬರ್ತಾಳೆ ನಿಮ್ಮಕ್ಕ. ನಿಮ್ಮೂರಿನೋರು ಬಾಯಿ ಬಿಟ್ಕೊಂಡು ನೋಡ್ಬೇಕು."

ಅವನು ಅಂಗಳದ ತುಂಬ ಬಿಚ್ಚಿ ಹರಡಿದ್ದ ಎಂಜಿನ್ ಕಡೆ ನೋಡಿದ. "ಇದು ಎದ್ದು ಬರೋ ಹೊತ್ಗೆ ನಾನೂ ಹಾಸಿಗೆ ಹಿಡ್ದಿರ್ತೀನಿ ಭಾವ."

"ಸೈನ್ಸಿಗೆ ಅವಸರ ಮಾಡಬಾರ್ದು" ಎಂದರು ದೊಡ್ಡಪ್ಪ. ದೊಡ್ಡವ್ವ ಒಳಗೆ ಗಂಟು ಕಟ್ಟಿಟ್ಟುಕೊಂಡು ಕಾದಳು. ದಿನಾ ಅದರಿಂದ ಒಂದು ಸೀರೆ ತೆಗೆದು ಉಡುವಳು, ಒಗೆದು ಮತ್ತೆ ಗಂಟಿಗೆ ಹಾಕುವಳು.

ಕೊನೆಗೂ ಅದು ಎದ್ದಿತು. ಟ್ರಯಲ್ಲಿಗೆ ಕುದಾಪುರದ ಹುಲ್ಲುಗಾವಲಿಗೆ ಒಯ್ದರು. ಹಿಂದಿನ ಸೀಟಿಗೆ ಕಡಲೆಕಾಯಿ ಮೂಟೆ ಹೇರಿ ಓಡಿಸಿದರು. ಮೂಟೆ ಬೀಳಲಿಲ್ಲ. ಆದ್ದರಿಂದ ಮೂಟೆಯ ಜಾಗದಲ್ಲಿ ಹೆಂಡತಿಯನ್ನೂ ನನ್ನನ್ನೂ ಕೂರಿಸಿದರು. ನಾನು ಸುಳ್ಳು ಹೇಳಲಾರೆ, ಇಟ್ ವಾಸ್ ಗ್ಲೋರಿಯಸ್! ಹುಲ್ಲು ಇಬ್ಬದಿಗೂ ಸೀಳಿಕೊಂಡು ಹೋಗುತ್ತಿತ್ತು, ದೊಡ್ಡವ್ವ ಸೆರಗು ಹಲ್ಲಲ್ಲಿ ಕಚ್ಚಿಕೊಂಡು ನಗುತ್ತಿದ್ದಳು. ಆ ಬಯಲಿನಲ್ಲಿ ಗಾಡಿಜಾಡು ಎಂಬುದೇ ಇಲ್ಲ ಎಂದು ನಮಗ್ಯಾರಿಗೂ ಹೊಳೆಯಲಿಲ್ಲ.

ಮರುದಿನ ಬೆಳಗ್ಗೆ ಮೊಳಕಾಲ್ಮೂರಿನ ದಾರಿ ಹಿಡಿದೆವು. ಹಿಂದಿನ ಎರಡು ಗಾಲಿ, ಪ್ಲ್ಯಾನಿನ ಪ್ರಕಾರ, ಜಾಡಿಗೆ ಇಳಿದು ಕೂತವು. ಮುಂದಿನ ಒಂಟಿ ಗಾಲಿ ನಡುವಿನ ದಿಬ್ಬದ ಮೇಲೆ, ಎತ್ತುಗಳು ತುಳಿದು ಕಲ್ಲೆಬ್ಬಿಸಿದ ಕಡೆ. ಹ್ಯಾಂಡಲ್ಲು ಅವರ ಕೈಯನ್ನು ಜಾಡಿಸಿ ಜಾಡಿಸಿ ಒಗೆಯುತ್ತಿತ್ತು. ತಳಕು ಎಂಬ ಊರು ದಾಟಿ ಸ್ವಲ್ಪ ದೂರಕ್ಕೆ ಮುಂದಿನ ಫೋರ್ಕ್ ಲಟಕ್ಕೆಂದು ಮುರಿದು, ಮೋಟಾರು ಮೂಗು ನೆಲಕ್ಕೆ ಊರಿತು. ದೊಡ್ಡಪ್ಪ ಇಳಿದು ಅದನ್ನು ಒದ್ದರು. ಕಾಲು ನೋಯಿಸಿಕೊಂಡರು.

ಉಪ್ಪಿನ ಮೂಟೆ ಹೇರಿಕೊಂಡು ಮೊಳಕಾಲ್ಮೂರಿಗೆ ಹೊರಟಿದ್ದ ಗಾಡಿಯೊಂದು ಹಿಂದಿನಿಂದ ಬಂತು. ತೆಲುಗು ಮಾತಿನ ಗಾಡಿಯವನು, "ಏಮಿ ಸಾಮಿ, ಮೋಟಾರು ಮಲ್ಕೊಂತಾ?" ಎಂದು ನಕ್ಕ. ದೊಡ್ಡವ್ವನ ಮುಖ ನೋಡಿ ನಗು ನಿಲ್ಲಿಸಿ, "ರಾ ತಲ್ಲಿ, ಹತ್ತು" ಎಂದ.

ದೊಡ್ಡಪ್ಪ ಅಡ್ಡ ನಿಂತರು. "ಉಪ್ಪಿನ ಮೂಟೆ ಮೇಲೆ ಕೂತು ನನ್ನ ಹೆಂಡ್ತಿ ತವರಿಗೆ ಹೋಗ್ತಾಳಾ? ವಾಪಸ್ ನಡಿ. ಫೋರ್ಕ್ ಮಾಡಿಸ್ಕೊಂಡು ಬರೋ ವಾರ ಹೋಗಣ."

"ಬರೋ ವಾರದ ತಂಕ ನಮ್ಮವ್ವ ಇರ್ತಾಳೇನ್ರಿ?"

"ಇರ್ತಾಳೆ ಬಿಡೇ. ಆ ಮುದುಕೀದು ಗಟ್ಟಿ ಜೀವ."

ದೊಡ್ಡವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವರನ್ನು ಬಳಸಿಕೊಂಡು ಹೋಗಿ ಉಪ್ಪಿನ ಮೂಟೆಯ ಮೇಲೆ ಹತ್ತಿ ಕೂತಳು. "ಬರ್ತೀಯೇನೇ?" ಎಂದು ನನಗೆ ಕೈ ಚಾಚಿದಳು. ನಾನೂ ಹತ್ತಿದೆ.

ನಾವು ಮೊಳಕಾಲ್ಮೂರು ಮುಟ್ಟಿದಾಗ ಅಜ್ಜಿಗೆ ಇನ್ನೂ ಉಸಿರಿತ್ತು, ಅರಿವೂ ಇತ್ತು. ಮಗಳ ತಲೆ ಸವರಿ, "ಕೂದ್ಲೆಲ್ಲ ಉಪ್ಪು ಮಾಡ್ಕೊಂಡು ಬಂದೀಯಲ್ಲೇ" ಎಂದು ನಕ್ಕಿತು ಆ ಜೀವ. ಮೂರನೆಯ ದಿನ ಪ್ರಾಣ ಹೋಯಿತು. ಚಳ್ಳಕೆರೆಗೆ ಆಳು ಓಡಿದ. ದೊಡ್ಡಪ್ಪ ಹೇಳಿ ಕಳಿಸಿದ್ದು ಇಷ್ಟು: ಮೋಟಾರಿನಲ್ಲೇ ಬರುತ್ತೇನೆಂದು ಊರಿಗೆಲ್ಲ ಹೇಳಿದ್ದೇನೆ, ಈಗ ಗಾಡಿಯಲ್ಲಿ ಬಂದರೆ ಚೆನ್ನಾಗಿರುವುದಿಲ್ಲ. ಮಣ್ಣಿಗೆ ಬರಲಿಲ್ಲ. ದೊಡ್ಡವ್ವ ಅವರ ಮನೆಗೆ ಹಿಂತಿರುಗಲಿಲ್ಲ; ತವರಿನಲ್ಲೇ ತಮ್ಮನ ಮಗ್ಗಗಳಿಗೆ ರೇಷ್ಮೆ ನೂಲು ಸುತ್ತಿಕೊಟ್ಟು ಬಾಳಿದಳು.

ದೊಡ್ಡಪ್ಪ ನನ್ನ ಫೀಸನ್ನು ಮಾತ್ರ ಕೊನೆಯ ಪರೀಕ್ಷೆಯವರೆಗೂ ಕಟ್ಟಿದರು. ರಜೆ ಬಂದರೆ ನಾನು ಕ್ಯಾಟಲಾಗು ಓದಿ ಹೇಳುತ್ತಿದ್ದೆ. ದೊಡ್ಡವ್ವನ ಹೆಸರು ಒಂದು ಸಲವೂ ಅವರ ಬಾಯಲ್ಲಿ ಬರಲಿಲ್ಲ. ನನ್ನ ಇಂಗ್ಲಿಷು, ನನ್ನ ಟೀಚರ್ ಕೆಲಸ ಎಲ್ಲವೂ ಅವರದೇ ಋಣ. ಇಲ್ಲವೆನ್ನಲಾರೆ. ಋಣವಿದೆಯೆಂದು ಗೌರವವೂ ಹುಟ್ಟಬೇಕಲ್ಲ? ಅದು ಹುಟ್ಟಲೇ ಇಲ್ಲ.

ದೊಡ್ಡಪ್ಪ ತೀರಿಹೋದ ಸುದ್ದಿಯನ್ನು ಮೊಳಕಾಲ್ಮೂರಿಗೆ ಒಯ್ದವಳು ನಾನೇ. ದೊಡ್ಡವ್ವನ ತಮ್ಮ ಸಿಡುಕಿದ: "ನಮ್ಮವ್ವನ ಮಣ್ಣಿಗೆ ಬಂದಿದ್ನಾ ಆವಯ್ಯ? ನೀನ್ಯಾಕಕ್ಕ ಹೋಗ್ತೀಯಾ?"

ದೊಡ್ಡವ್ವ ಕೈಯಲ್ಲಿದ್ದ ನೂಲು ಕೆಳಗಿಟ್ಟಳು. "ಅದಕ್ಕೇ ಹೋಗ್ತೀನಿ ಕಣೋ. ಬರ್ದೇ ಇದ್ರೆ ಹೆಂಗಿರ್ತೈತೆ ಅಂತ ನನಗೆ ಗೊತ್ತು."

ಸರ್ವಿಸ್ ಬಸ್ಸಿನಲ್ಲಿ ಸೀಟು ಇರಲಿಲ್ಲ. ಮುಂದಿನ ಬಸ್ಸಿಗೆ ಬನ್ನಿ ಎಂದ ಕಂಡಕ್ಟರ್. ಅವಳು ಕೇಳಿಸಿಕೊಳ್ಳದೆ ಹತ್ತಿ, ಮೇಲಿನ ಕಂಬಿ ಹಿಡಿದಳು. ಚಳ್ಳಕೆರೆಯವರೆಗೂ ನಿಂತೇ ಬಂದಳು.