ಕಾರಿನ ಉಪ್ಪಿನಕಾಯಿ

ಹಳೆಯ ಕಾರು ನೋಡಲು ಹೊರಟಾಗಲೆಲ್ಲ ನಾನು ಕೈಚೀಲದಲ್ಲಿ ನಾಲ್ಕು ಲಿಂಬೆಹಣ್ಣು ಇಟ್ಟುಕೊಂಡು ಹೋಗುತ್ತಿದ್ದೆ. ಕನ್ನೊಳ್ಳಿ ಹತ್ತಿರದ ನಮ್ಮ ತೋಟದವೇ. ವ್ಯವಹಾರ ಕುದುರಿದರೆ ಅಲ್ಲೇ ಪೂಜೆ ಮಾಡಿ, ನಾಲ್ಕು ಗಾಲಿಗೂ ಒಂದೊಂದು ಹಣ್ಣು ಇಟ್ಟು, ಅವುಗಳ ಮೇಲೆ ಕಾರು ಹಾಯಿಸಿಕೊಂಡು ಸಿಂದಗಿಯ ಮನೆಗೆ ಬಂದುಬಿಡುವುದು ನನ್ನ ಯೋಜನೆ. ಮೂರು ವರ್ಷದಲ್ಲಿ ಒಂದು ಹಣ್ಣೂ ಗಾಲಿಯ ಕೆಳಗೆ ಹೋಗಲಿಲ್ಲ. ಎಲ್ಲವೂ ನನ್ನ ಜೊತೆ ಬಸ್ಸಿನಲ್ಲೇ ವಾಪಸು ಬಂದವು. ಹೆಂಡತಿ ಏನೂ ಕೇಳದೆ ಅವನ್ನು ಹೋಳು ಮಾಡಿ, ಉಪ್ಪು ಖಾರ ಬೆರೆಸಿ, ಭರಣಿಗೆ ತುಂಬುತ್ತಿದ್ದಳು. ಅವಳ ಶಾಲೆಯಲ್ಲಿ ಅದಕ್ಕೆ ಕಾರಿನ ಉಪ್ಪಿನಕಾಯಿ ಎಂದೇ ಹೆಸರು ಬಿದ್ದಿತ್ತು. ಭರಣಿ ಖಾಲಿಯಾಗುತ್ತ ಬಂದರೆ ಅಲ್ಲಿಯ ಮಾಸ್ತರರು, ನಿಮ್ಮ ಯಜಮಾನರು ಈಚೆಗೆ ಯಾವ ಕಾರೂ ನೋಡಿಲ್ಲವೇ ಎಂದು ವಿಚಾರಿಸುತ್ತಿದ್ದರಂತೆ.

ಅವಳು ಬಸವನ ಬಾಗೇವಾಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಕ್ಕೋರು. ನಮ್ಮ ಕಡೆ ಶಾಲೆಯ ಶಿಕ್ಷಕಿಗೆ ಹಾಗೇ ಅನ್ನುತ್ತಾರೆ. ಹತ್ತೊಂಬತ್ತು ವರ್ಷದಿಂದ ಅದೇ ಶಾಲೆ, ಅದೇ ಹಾದಿ, ದಿನಕ್ಕೆ ಹೋಗಿ ಬರಲು ನಾಲ್ಕು ಬಸ್ಸು. ಸೀಟು ಸಿಕ್ಕ ದಿನ ಮನೆಗೆ ಬಂದು ಅದನ್ನೊಂದು ಸುದ್ದಿಯಾಗಿ ಹೇಳುತ್ತಿದ್ದಳು. ಮೊಣಕಾಲು ನೋವು ಶುರುವಾದಾಗ ನಾನು ಘೋಷಿಸಿದೆ, ನಿನಗೊಂದು ಕಾರು ತರುತ್ತೇನೆ ಎಂದು. ಹೊಸದು ನಮ್ಮ ಕೈಗೆ ಎಟುಕುವಂಥದ್ದಲ್ಲ, ಹಳೆಯದೇ ಆಗಬೇಕು. ಅಲ್ಲಿಯವರೆಗೆ ತಪ್ಪೇನೂ ಇರಲಿಲ್ಲ.

ತಪ್ಪು ಎಲ್ಲಾಯಿತೆಂದರೆ ಮೊಬೈಲಿನಲ್ಲಿ. ಹಳೆಯ ಸಾಮಾನು ಮಾರುವ ಆ್ಯಪ್ ತೆರೆದ ಮೊದಲ ದಿನವೇ, ಉದ್ದ ಮೂಗಿನ, ದುಂಡು ದೀಪದ, ನನಗಿಂತ ಹಿರಿಯ ಕಾರೊಂದು ಕಣ್ಣಿಗೆ ಬಿತ್ತು. ಇಂಥದನ್ನೇ ತರಬೇಕು, ತುಕ್ಕು ಉಜ್ಜಬೇಕು, ಬಣ್ಣ ಬಳಿಯಬೇಕು, ನನ್ನ ಕೈಯಾರೆ ಅದಕ್ಕೆ ಮರುಜನ್ಮ ಕೊಡಬೇಕು ಅನ್ನಿಸಿತು. ಬಚ್ಚಲದ ನಲ್ಲಿ ಎರಡು ವರ್ಷದಿಂದ ಸೋರುತ್ತಿದ್ದರೂ ಅದನ್ನು ಮುಟ್ಟದವನು ನಾನು. ಆದರೂ ತೋಟದಲ್ಲಿ ನೀರು ಬಿಟ್ಟು ಬದುವಿನ ಮೇಲೆ ಕೂತರೆ ನನಗೆ ಎಂಜಿನ್ ಬಿಚ್ಚಿ ಜೋಡಿಸುವ ಯೋಚನೆಯೇ. ಎಷ್ಟೋ ಸಲ ಮಡಿ ತುಂಬಿ ನೀರು ಪಕ್ಕದವರ ಹೊಲಕ್ಕೆ ಹರಿದದ್ದೂ ಗೊತ್ತಾಗುತ್ತಿರಲಿಲ್ಲ.

ಆ ಆ್ಯಪಿಗೆ ನಮ್ಮ ಸೀಮೆಯ ಪರಿಚಯವೇ ಇರಲಿಲ್ಲ. ಪಕ್ಕದ ತಾಲ್ಲೂಕಿನ ಹೆಸರು ಇಂಡಿ ಎಂದು ಇಂಗ್ಲಿಷಿನಲ್ಲಿ ಬರೆದರೆ, ಪಾಪ, ಇವನು ಇಂಡಿಯಾ ಎಂದು ಪೂರ್ತಿ ಬರೆಯುವಷ್ಟರಲ್ಲಿ ದಣಿದಿದ್ದಾನೆ ಎಂದುಕೊಂಡು ಇಡೀ ದೇಶದ ಕಾರುಗಳನ್ನು ಮುಂದೆ ತಂದು ನಿಲ್ಲಿಸುತ್ತಿತ್ತು. ಜಾಹೀರಾತಿನ ಭಾಷೆಯನ್ನು ನಾನು ನಿಧಾನಕ್ಕೆ ಕಲಿತೆ. ‘ಸ್ವಲ್ಪ ಕೆಲಸ ಐತಿ’ ಅಂದರೆ ಎಂಜಿನ್ ಇಲ್ಲ. ‘ನಿಂತ ಗಾಡಿ’ ಅಂದರೆ ಅದರೊಳಗೆ ಗಿಡ ಬೆಳೆದಿದೆ. ‘ಅರ್ಜೆಂಟ್ ಮಾರುವುದಿದೆ’ ಎಂಬ ಜಾಹೀರಾತು ನಾನು ನೋಡುನೋಡುತ್ತಲೇ ಎರಡು ದೀಪಾವಳಿ ಕಂಡಿತು. ಫೋಟೋದಲ್ಲಿ ನಾಲ್ಕು ಜನ ಕಾರಿಗೆ ಒರಗಿ ನಿಂತಿದ್ದರೆ ನಾಲ್ಕು ಕಡೆ ತಗ್ಗು ಬಿದ್ದಿದೆ ಎಂದು ಲೆಕ್ಕ.

ಇಷ್ಟು ತಿಳಿದ ಮೇಲೂ ಹೋಗುವುದನ್ನು ಬಿಡಲಿಲ್ಲ. ಆಲಮೇಲದ ಹತ್ತಿರ ಕಬ್ಬಿನ ಹೊಲದ ಅಂಚಿನಲ್ಲಿ ಒಂದು ಹಳೆಯ ಜೀಪಿತ್ತು. ಕಂಡ ಕೂಡಲೇ ನನ್ನ ಎದೆ ಹಿಗ್ಗಿತು. ಬಾಗಿಲು ತೆಗೆಯಲು ಹೋದರೆ ಮಾಲೀಕರು ಓಡಿಬಂದು ಕೈ ಹಿಡಿದರು.

“ಹಿಂದಿನ ಸೀಟಿನ್ಯಾಗ ಕೋಳಿ ಕಾವಿಗೆ ಕುಂತೈತ್ರಿ. ಮರಿ ಹೊರಗ ಬಂದಮ್ಯಾಲ ಬರ್ರಿ, ಮಾತಾಡೂನು,” ಅಂದರು.

ನಾನು ಮೂರು ವಾರ ಕಾದೆ. ಮತ್ತೆ ಹೋದಾಗ ಹನ್ನೊಂದು ಮರಿ ಜೀಪಿನ ಸುತ್ತ ಓಡಾಡುತ್ತಿದ್ದವು. ಇಷ್ಟು ಸುರಕ್ಷಿತವಾದ ಗೂಡನ್ನು ಮಾರಲು ಮನೆಯ ಹೆಣ್ಣುಮಕ್ಕಳು ಒಪ್ಪುತ್ತಿಲ್ಲ ಎಂದು ಮಾಲೀಕರು ಚಹಾ ಕುಡಿಸಿ ಕಳಿಸಿದರು. ಎರಡು ಸಲದ್ದು ಸೇರಿ ಭರಣಿಗೆ ಎಂಟು ಹಣ್ಣು ಬಿದ್ದವು.

ಮುದ್ದೇಬಿಹಾಳದ್ದು ‘ಡಾಕ್ಟರ್ ಬಳಸಿದ ಗಾಡಿ’. ಡಾಕ್ಟರು ಬಳಸಿದ ಕಾರು ಎಂದರೆ ಕೊಳ್ಳುವವರೆಲ್ಲ ಕಣ್ಣು ಮುಚ್ಚಿಕೊಂಡು ನಂಬುವ ಕಾಲವಿದು. ನಾನೂ ನಂಬಿದೆ. ಹತ್ತಿರ ಹೋಗಿ ಕಣ್ಣು ತೆರೆದರೆ ಅವರು ದನದ ಡಾಕ್ಟರು, ಕಾರಿನ ಹಿಂಭಾಗ ಹದಿನೈದು ವರ್ಷ ಕರುಗಳ ಆಂಬುಲೆನ್ಸು. ಎಲ್ಲ ಕಿಟಕಿಯ ಗಾಜು ಇಳಿಸಿ ಓಡಿಸಿದರೆ ವಾಸನೆ ಹೋಗುತ್ತದೆ ಎಂದು ಅವರು ಭರವಸೆ ಕೊಟ್ಟರು. ಇಳಿಸಲು ಗಾಜೇ ಇರಲಿಲ್ಲ.

ಈ ನಡುವೆ ಹೆಂಡತಿಯ ನಿವೃತ್ತಿಗೆ ಹನ್ನೊಂದು ತಿಂಗಳಷ್ಟೇ ಉಳಿದಿತ್ತು. ಅವಳು ಕಾರಿನ ಬಗ್ಗೆ ಒಂದೇ ಸಲ ಮಾತೆತ್ತಿದ್ದಳು. ಸುಮ್ಮನೆ ಒಂದು ಓಡುವ ಗಾಡಿ ತಂದರೆ ಆಗದೇ ಎಂದು ಕೇಳಿದಳು. ಓಡುವ ಗಾಡಿಯಲ್ಲಿ ಏನು ಮಜಾ ಎಂದು ನಾನು ನಕ್ಕುಬಿಟ್ಟೆ. ಆ ನಗು ನೆನಪಾದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಕೊನೆಗೆ ಒಂದು ದಿನ ಅದು ಸಿಕ್ಕಿತು. ಹಾಲಿನ ಕೆನೆಯ ಬಣ್ಣ, ದುಂಡು ದೀಪ, ಕಾಗದ ಪಕ್ಕಾ, ಚಾಲೂ ಕಂಡೀಶನ್ನು. ಊರು, ಬಾಗೇವಾಡಿ. ಅವಳ ಶಾಲೆಯ ತಾಲ್ಲೂಕಿನ ಊರೇ. ಮಾರುವವರ ಜೊತೆ ಫೋನಿನಲ್ಲೇ ಎಲ್ಲ ಗೊತ್ತು ಮಾಡಿಕೊಂಡೆ. ಬೆಳಿಗ್ಗೆ ಹೆಂಡತಿಗೆ ಹೇಳಿದೆ, ಇವತ್ತು ಸಂಜೆಯ ಬಸ್ಸು ಬಿಟ್ಟುಬಿಡು, ಬಾಗೇವಾಡಿಯಿಂದ ನೇರ ನಿನ್ನ ಶಾಲೆಗೇ ಕಾರು ತರುತ್ತೇನೆ ಎಂದು. ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಪೆಟ್ಟಿಗೆಯಿಂದ ಒಳ್ಳೆಯ ಇಳಕಲ್ ಸೀರೆ ತೆಗೆದು ಉಟ್ಟುಕೊಂಡಳು.

ಮಧ್ಯಾಹ್ನ ಬಸವನ ಬಾಗೇವಾಡಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಮಾರುವವರಿಗೆ ಫೋನು ಹಚ್ಚಿ, ಬಂದಿದ್ದೇನೆ ಎಂದು ತಿಳಿಸಿದೆ.

“ಟೋಲ್ ನಾಕಾ ದಾಟಿದ್ರೇನ್ರಿ?” ಅಂದರು ಅವರು.

“ಇಲ್ಲಿ ಟೋಲ್ ನಾಕಾ ಎಲ್ಲೈತ್ರಿ?”

“ನೀವು ಯಾವ ಬಾಗೇವಾಡಿಗೆ ಬಂದೀರಿ?”

“ಬಾಗೇವಾಡಿ ಎಷ್ಟ ಅದಾವ್ರಿ?” ಅಂದೆ ನಾನು.

ನಮಗೆ ಬಾಗೇವಾಡಿ ಎಂದರೆ ಒಂದೇ. ಮುಂದೆ ಬಸವನ ಎಂದು ಸೇರಿಸುವುದು ಸರ್ಕಾರಿ ಕಾಗದದಲ್ಲಿ ಮತ್ತು ಬಸ್ಸಿನ ಬೋರ್ಡಿನಲ್ಲಿ ಮಾತ್ರ. ಬೆಳಗಾವಿಯ ಹತ್ತಿರ ಹಿರೇಬಾಗೇವಾಡಿ ಎಂಬ ಊರಿದೆ, ಅಲ್ಲಿಯವರಿಗೂ ಬಾಗೇವಾಡಿ ಎಂದರೆ ಒಂದೇ, ಅವರೂ ಮುಂದೆ ಏನನ್ನೂ ಸೇರಿಸುವುದಿಲ್ಲ. ಕಾರು ಅಲ್ಲಿತ್ತು. ನಾನು ಇಲ್ಲಿದ್ದೆ. ನಡುವೆ ಅರ್ಧ ದಿನದ ಹಾದಿ. ಮೂರು ವರ್ಷ ಕಾರಿನ ಬೋಲ್ಟು ಬೋಲ್ಟನ್ನೂ ದೊಡ್ಡದು ಮಾಡಿ ನೋಡಿದ ಮನುಷ್ಯ ಊರಿನ ಹೆಸರನ್ನು ಸರಿಯಾಗಿ ಕೇಳಿರಲಿಲ್ಲ.

ಹೆಂಡತಿಗೆ ಫೋನು ಹಚ್ಚಿದರೆ ಎತ್ತಲಿಲ್ಲ. ಪಾಠದ ಹೊತ್ತಿನಲ್ಲಿ ಅವಳ ಫೋನು ಚೀಲದಲ್ಲೇ ಇರುತ್ತದೆ. ಆಮೇಲೆ ಮತ್ತೆ ಹಚ್ಚಿ ಸುದ್ದಿ ಹೇಳುವ ಧೈರ್ಯ ನನಗೆ ಬರಲಿಲ್ಲ. ಗಂಟೆಗಟ್ಟಲೆ ಕಾದು, ಸಿಕ್ಕ ಟಂಟಂ ಆಟೋ ಹತ್ತಿ ಆ ಹಳ್ಳಿ ಮುಟ್ಟುವಷ್ಟರಲ್ಲಿ ಶಾಲೆ ಬಿಟ್ಟು ಬಹಳ ಹೊತ್ತಾಗಿತ್ತು. ಗೇಟಿನ ಮುಂದೆ ನೀರು ಹೊಡೆದು ದೊಡ್ಡ ರಂಗೋಲಿ ಹಾಕಿದ್ದರು. ಕಿಟಕಿಯಲ್ಲಿ ಒಂದು ತಾಟು, ಅದರಲ್ಲಿ ಕಾಯಿ, ಕರ್ಪೂರ, ಕುಂಕುಮ. ಉಳಿದವರೆಲ್ಲ ಕಾದು ಕಾದು ಸಂಜೆಯ ಬಸ್ಸಿಗೆ ಹೋಗಿದ್ದರು. ಅವಳೊಬ್ಬಳೇ ಮೆಟ್ಟಿಲ ಮೇಲೆ ಕೂತಿದ್ದಳು. ನನ್ನನ್ನು ಕಂಡು ಎದ್ದು, ಸೆರಗು ಸರಿಮಾಡಿಕೊಂಡು, ನನ್ನ ಹಿಂದಿನ ಹಾದಿಯನ್ನು ಇಣುಕಿ ನೋಡಿದಳು.

“ಗಾಡಿ ದೂರ ನಿಲ್ಲಿಸಿ ಬಂದೀರೇನ್ರಿ?”

ಚೀಲದಿಂದ ಲಿಂಬೆಹಣ್ಣು ತೆಗೆದು ಅವಳ ಕೈಗೆ ಕೊಟ್ಟೆ. ಹೇಗೆ ಹೇಳಬೇಕೋ ತಿಳಿಯದೆ ಹಾಗೆ ಮಾಡಿದೆ, ಆದರೆ ಅವಳಿಗೆ ಎಲ್ಲ ತಿಳಿಯಿತು. ಬಯ್ಯಲಿಲ್ಲ, ಅಳಲಿಲ್ಲ. ಕಾಯಿಯನ್ನು ಚೀಲಕ್ಕೆ ಹಾಕಿಕೊಂಡಳು. ಕಾಲಿನಿಂದ ರಂಗೋಲಿ ಅಳಿಸಿದಳು. ಕಬ್ಬಿನ ಟ್ರ್ಯಾಕ್ಟರೊಂದು ಡಾಂಬರು ರಸ್ತೆಯವರೆಗೆ ಬಿಟ್ಟಿತು, ಅಲ್ಲಿಂದ ಸಿಕ್ಕ ಬಸ್ಸಿನಲ್ಲಿ ನಿಂತು ಬಂದೆವು. ಅವಳ ಮೊಣಕಾಲು ನಡುಗುವುದನ್ನು ನಾನು ಕಣ್ಣಾರೆ ಕಂಡದ್ದು ಅವತ್ತೇ ಮೊದಲು. ಹಾದಿಯುದ್ದಕ್ಕೂ ನಾಚಿಕೆಯಿಂದ ಸತ್ತೆ.

ಮರುದಿನ ಮುಂಜಾನೆ ಫೋನು ಮನೆಯಲ್ಲೇ ಬಿಟ್ಟು ಓಣಿಯಲ್ಲಿ ಕಾಲೆಳೆದುಕೊಂಡು ಹೊರಟೆ. ತುದಿಯಲ್ಲಿ ಕಿರಾಣಿ ಅಂಗಡಿಯ ಚಾಚಾರ ಮನೆಯಿದೆ. ಅದರ ಮುಂದೆ ಒಂದು ಚಿಕ್ಕ ಬೂದಿ ಬಣ್ಣದ ಕಾರು, ಗಾಜಿಗೆ ‘ಮಾರುವುದಿದೆ’ ಎಂಬ ಕಾಗದ. ಕಾಗದ ಬಿಸಿಲಿಗೆ ಹಳದಿಯಾಗಿತ್ತು. ದಿನಾಲೂ ಅದರ ಪಕ್ಕದಲ್ಲೇ ಫೋನು ನೋಡುತ್ತ ಹಾದುಹೋಗಿದ್ದೆ. ನೀವು ಪ್ರತಿದಿನ ಇದರ ಮುಂದೆಯೇ ಫೋನಿನಲ್ಲಿ ಕಾರು ಹುಡುಕುತ್ತ ಹೋಗುತ್ತಿದ್ದಿರಿ, ಇದು ನಿಮ್ಮ ಮನಸ್ಸಿಗೆ ಬಂದಿಲ್ಲ ಎಂದುಕೊಂಡು ಸುಮ್ಮನಿದ್ದೆ ಎಂದರು ಚಾಚಾ. ನೋಡಲು ಏನೇನೂ ಚಂದವಿರಲಿಲ್ಲ. ಆದರೆ ಕೀಲಿ ತಿರುಗಿಸಿದ ಕೂಡಲೇ ಚಾಲೂ ಆಯಿತು. ಅಲ್ಲೇ ವ್ಯವಹಾರ ಮುಗಿಸಿದೆ. ನಿನ್ನೆಯ ಹಣ್ಣುಗಳನ್ನು ಅವಳಿನ್ನೂ ಹೋಳು ಮಾಡಿರಲಿಲ್ಲ.

ಸೋಮವಾರ ಅವಳನ್ನು ಕೂರಿಸಿಕೊಂಡು ಶಾಲೆಗೆ ಹೊರಟೆ. ಎಂಜಿನ್ನಿನ ಸಪ್ಪಳದ ಬಗ್ಗೆ ಹಾದಿಯುದ್ದಕ್ಕೂ ಹೇಳಲು ನನ್ನಲ್ಲಿ ಬೇಕಾದಷ್ಟು ಮಾತಿದ್ದವು. ಊರ ಹೊರಗಿನ ಪೆಟ್ರೋಲ್ ಬಂಕ್ ದಾಟುವುದರೊಳಗೆ ಅವಳ ತಲೆ ಒಂದು ಕಡೆ ವಾಲಿತು. ಹತ್ತೊಂಬತ್ತು ವರ್ಷ ಕಂಬಿ ಹಿಡಿದು ನಿಂತ ಹಾದಿಯಲ್ಲಿ ಅವಳು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು. ತಗ್ಗು ದಿನ್ನೆ ತಪ್ಪಿಸಿ ನಿಧಾನಕ್ಕೆ ಓಡಿಸಿದೆ. ಶಾಲೆಯ ಗೇಟಿನ ಮುಂದೆ ನಿಲ್ಲಿಸಿ, ಎಬ್ಬಿಸಲು ಮನಸ್ಸಾಗದೆ ಸ್ವಲ್ಪ ಹೊತ್ತು ಕೂತೆ. ಗಂಟೆ ಬಾರಿಸಿದಾಗ ಅವಳೇ ಎಚ್ಚರಾಗಿ, ಕಣ್ಣು ಉಜ್ಜಿಕೊಂಡು ಹೊರಗೆ ನೋಡಿದಳು.

“ಸಾಲಿ ಇಷ್ಟ ಹತ್ತರ ಐತೇನ್ರಿ?” ಅಂದಳು.